ಹಳದಿ ಗುಂಡಿ ಇದ್ದ ಜಾಗ

ನಮ್ಮ ಆಪರೇಷನ್ ಥಿಯೇಟರಿನ ಯಂತ್ರಗಳನ್ನು ರಿಪೇರಿ ಮಾಡುವವನನ್ನು ಎಲ್ಲರೂ ಬೀಪಣ್ಣ ಎನ್ನುತ್ತಿದ್ದೆವು. ಅರಿವಳಿಕೆ ಯಂತ್ರ ಬೀಪ್ ಎಂದರೆ ಸಾಕು, ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಓಡಿ ಬರುತ್ತಿದ್ದ. ಅದಕ್ಕೆ ಹದಿನಾಲ್ಕು ಬಗೆಯ ಅಲಾರಾಂ. ಡಾಕ್ಟರ ಮೊಣಕೈ ಕೊಳವೆಗೆ ತಾಗಿದರೂ ಬೀಪ್, ನಾವು ಟೇಬಲ್ ಸರಿಸಿದರೂ ಬೀಪ್. ಕಾಟ ತಾಳಲಾರದೆ ಒಂದು ದಿನ ನಾನೇ ಅವನ ಮೇಲೆ ರೇಗಿದ್ದೆ.

"ಅದರ ಬಾಯಿಗೆ ಬೀಗ ಇಲ್ಲ ಸಿಸ್ಟರ್. ಈ ಹಳದಿ ಗುಂಡಿ ಒತ್ತಿಬಿಡಿ, ಎರಡು ನಿಮಿಷ ತೆಪ್ಪಗಿರುತ್ತೆ," ಎಂದು ನಕ್ಕಿದ್ದ.

ಕೈಗೆ ಅಭ್ಯಾಸವಾಯಿತು. ಕಣ್ಣೆತ್ತದೆಯೇ ಒತ್ತುತ್ತಿದ್ದೆ.

ಅವನ ಅಕ್ಕನಿಗೆ ಪಿತ್ತಕೋಶದ ಕಲ್ಲು ತೆಗೆಯುವ ದಿನವೂ ಹಾಗೆಯೇ ಒತ್ತಿದೆ, ಮೂರು ಸಲ. ಅರಿವಳಿಕೆ ಡಾಕ್ಟರು ಪಕ್ಕದ ಕೋಣೆಗೆ ಹೋಗಿದ್ದರು. ಹೊದಿಕೆಯ ಕೆಳಗೆ ಉಸಿರಿನ ಕೊಳವೆ ಕಳಚಿಕೊಂಡಿತ್ತು. ನಾವು ನೋಡುವಷ್ಟರಲ್ಲಿ ಆರು ನಿಮಿಷವಾಗಿತ್ತು. ಅಕ್ಕ ಏಳಲಿಲ್ಲ.

ಒತ್ತಿದ ಕೈ ನನ್ನದು, ಒತ್ತಲು ಹೇಳಿಕೊಟ್ಟವನು ಅವನು. ವಿಚಾರಣೆಯಲ್ಲಿ ಇಬ್ಬರೂ ಒಪ್ಪಿಕೊಂಡೆವು. ಯಾರ ತಪ್ಪೂ ಅಲ್ಲವೆಂದು ಬರೆದು ಫೈಲು ಮುಚ್ಚಿದರು, ಪುಣ್ಯಾತ್ಮರು. ಆಮೇಲೆ ನನಗೆ ಅಳುವೂ ಬರಲಿಲ್ಲ, ಹಸಿವೂ ಆಗಲಿಲ್ಲ. ಅವನ ಭಾವ ಅವನೊಂದಿಗೆ ಮಾತು ಬಿಟ್ಟಿದ್ದರಂತೆ. ಎದುರಾದರೆ ಅವನು ಗೋಡೆ ನೋಡಿಕೊಂಡು ಹೋಗುತ್ತಿದ್ದ.

ಬೀಪಣ್ಣ ಹಳೆಯ ಅರಿವಳಿಕೆ ಯಂತ್ರವೊಂದನ್ನು ಬಿಚ್ಚಿಕೊಂಡು ಏಳು ತಿಂಗಳು ಕೂತ. ಹನ್ನೊಂದು ಅಲಾರಾಂಗಳನ್ನು ಸದ್ದಿಲ್ಲದ ದೀಪಗಳನ್ನಾಗಿ ಮಾಡಿದ. ಉಸಿರಿಗೆ ಸಂಬಂಧಿಸಿದ ಉಳಿದ ಮೂರನ್ನು ಸುಮ್ಮನಾಗಿಸಲು ಗುಂಡಿಯೇ ಇಲ್ಲ.

"ಬಾಯಿ ಮುಚ್ಚಿಸೋಕಾಗದ ಯಂತ್ರಾನ ಯಾರು ಇಟ್ಕೋತಾರಯ್ಯ?" ಎಂದರು ದೊಡ್ಡ ಡಾಕ್ಟರು. "ಪರೀಕ್ಷೆ ಮಾಡಿ ತೋರಿಸು. ಸರಿ ಹೋಗ್ಲಿಲ್ಲ ಅಂದ್ರೆ ಗುಜರಿಗೆ ಹಾಕಿಸ್ತೀನಿ."

"ಪರೀಕ್ಷೆಗೆ ಈ ಸಿಸ್ಟರೇ ಬೇಕು," ಎಂದ ಬೀಪಣ್ಣ, ನನ್ನತ್ತ ನೋಡದೆ ಬೆರಳು ತೋರಿಸಿ.

ಟೇಬಲ್ಲಿನ ಮೇಲೆ ರೋಗಿಯ ಬದಲು ರಬ್ಬರ್ ಚೀಲವೊಂದು ಉಬ್ಬಿ ಇಳಿಯುತ್ತಿತ್ತು. ನನಗೆ ಸಿರಿಂಜ್ ತುಂಬುವ ಕೆಲಸ ಹಚ್ಚಿ, ಹಿಂದಿನಿಂದ ಕೊಳವೆ ಎಳೆದುಬಿಟ್ಟ. ಯಂತ್ರ ಕಿರುಚಿತು. ನನ್ನ ಕೈ ಸೀದಾ ಹಳದಿ ಗುಂಡಿಯ ಜಾಗಕ್ಕೆ ಹೋಯಿತು. ಇಷ್ಟೆಲ್ಲ ಆದ ಮೇಲೂ ಹೋಯಿತು. ಅಲ್ಲಿ ಬರೀ ತಗಡು.

"ನಿಲ್ಲಿಸೋದು ಹೇಗೆ?" ಎಂದು ಕೂಗಿದೆ. ಅವನು ಗಡಿಯಾರ ನೋಡುತ್ತ ನಿಂತಿದ್ದ. ಆಗ ತಲೆಯೆತ್ತಿದೆ. ಕೊಳವೆ ನೇತಾಡುತ್ತಿತ್ತು. ಸಿಕ್ಕಿಸಿದೆ. ಸದ್ದು ತಾನಾಗಿ ನಿಂತಿತು.

"ಒಂಬತ್ತು ಸೆಕೆಂಡು," ಎಂದು ಅವನು ಬರೆದುಕೊಂಡ. ದೊಡ್ಡ ಡಾಕ್ಟರು ಒಪ್ಪಿಗೆಯಿಂದ ತಲೆಯಾಡಿಸಿ ಹೊರಟರು.

"ಕೈ ಮತ್ತೆ ಅಲ್ಲಿಗೇ ಹೋಯ್ತು," ಎಂದೆ.

"ಗೊತ್ತಿತ್ತು ಸಿಸ್ಟರ್. ನನ್ನ ಕೈನೂ ಅಲ್ಲಿಗೇ ಹೋಗುತ್ತೆ. ಅದಕ್ಕೇ ತೆಗೆದಿದ್ದು."

ಅಕ್ಕ ಹೋದ ಮೇಲೆ ಅವನು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.