ಕತ್ತಾಳೆಗೆ ಕಳ್ಳಿ ಎಂದ ತಪ್ಪು

ಹಳಿಯಾಳದ ಊರಂಚಿನಲ್ಲಿರುವ ಸುನಂದಾಳ ಅಂಗಳವೆಂದರೆ ಬರೀ ಗರಸು ಮಣ್ಣು. ಸೇವಂತಿಗೆ ನೆಟ್ಟಳು, ಒಣಗಿತು. ಮಲ್ಲಿಗೆಯೂ ಕೈಕೊಟ್ಟಿತು. ಕೊನೆಗೆ ಅಲ್ಲಿ ಒಗ್ಗಿದ್ದು ಬೂದುನೀಲಿ ಬಣ್ಣದ ಒಂದು ಚಂದದ ಕತ್ತಾಳೆ. ಅದನ್ನು ತಂದವಳು ನೆಗೆಣ್ಣಿ ರಾಜಶ್ರೀ, ಗಂಡನ ತಮ್ಮನ ಹೆಂಡತಿ. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ಬೆಳೆದವಳು. ತವರಿನ ಮಳೆಗೆ ಕೊಳೆಯತೊಡಗಿದ್ದ ಸಸಿಯನ್ನು ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದಳು.

ಸುನಂದಾ ಅದಕ್ಕೂ ತುಳಸಿಗೆ ಹಾಕಿದಂತೆ ದಿನಾ ನೀರು ಹಾಕಿದಳು. ಬುಡ ಮೆತ್ತಗಾಯಿತು. ರಾಜಶ್ರೀ ಕಿತ್ತು, ಕೊಳೆತದ್ದನ್ನು ಕೊಯ್ದು, ನೆರಳಲ್ಲಿ ಆರಿಸಿ, ಗರಸನ್ನು ಗುಡ್ಡೆ ಮಾಡಿ ಮತ್ತೆ ನೆಟ್ಟಳು.

“ಅಕ್ಕಾ, ಇದನ್ನ ಮರ್ತ ಬಿಡಬೇಕು. ಮರ್ತಷ್ಟು ಚಂದ ಬೆಳೀತೈತಿ,” ಅಂದಳು.

ಮರೆತರು, ಬೆಳೆಯಿತು. ಅದರ ಪಕ್ಕದ ಕಟ್ಟೆಯ ಮೇಲೆ ಕೂತು ಇಬ್ಬರೂ ಶೇಂಗಾ ಸುಲಿದರು, ಗಂಡಂದಿರನ್ನು ಆಡಿಕೊಂಡರು. ನೆಗೆಣ್ಣಿಯರು ಹೀಗೆ ಹೊಂದಿಕೊಂಡರೆ ಓಣಿಯವರಿಗೆ ಊಟ ಸೇರುತ್ತದೆಯೇ? ಆದರೆ ಮನೆ ಮುರಿದದ್ದು ಓಣಿಯವರಲ್ಲ, ಒಂದು ಮಾತು.

ಅವತ್ತು ದೇವರ ಜಗುಲಿಯ ಮೇಲಿದ್ದ ಬೆಳ್ಳಿಯ ವಿಭೂತಿ ಬಟ್ಟಲು ಕಾಣಲಿಲ್ಲ. ಮನೆಯೆಲ್ಲ ಹುಡುಕಿ ಬೇಸತ್ತ ಸುನಂದಾ ಅಂಗಳದಲ್ಲಿ ಬಗ್ಗಿದಾಗ ಕತ್ತಾಳೆಯ ಮುಳ್ಳು ಅಂಗೈಗೆ ನೆಟ್ಟಿತು. ಮುಳ್ಳಿದ್ದ ಗಿಡವೆಲ್ಲ ಅವಳ ಬಾಯಲ್ಲಿ ಕಳ್ಳಿಯೇ.

“ಈ ಕಳ್ಳೀನ್ನ ಮನ್ಯಾಗ ಇಟ್ಕೊಂಡಿದ್ದ ತಪ್ಪಾತು,” ಎಂದು ಗೊಣಗಿದಳು.

ಬಾಗಿಲಲ್ಲಿ ರಾಜಶ್ರೀ ನಿಂತಿದ್ದಳು. ಅವಳು ಕೇಳಿಸಿಕೊಂಡ ಕಳ್ಳಿ ಗಿಡವಲ್ಲ, ಕದಿಯುವವಳು.

ಬಟ್ಟಲು ಸಂಜೆಗೇ ಜಗುಲಿಯ ಹಿಂದೆ ಸಿಕ್ಕಿತು. ಅಷ್ಟರಲ್ಲಿ ರಾಜಶ್ರೀ ದಾಂಡೇಲಿಯ ಬಸ್ಸು ಹತ್ತಿಯಾಗಿತ್ತು. ಅವಳ ಗಂಡನ ಕೆಲಸ ಅಲ್ಲಿಯ ಕಾಗದದ ಮಿಲ್ಲಿನಲ್ಲಿ. ಅಲ್ಲೇ ಬಂಗೂರನಗರದಲ್ಲಿ ಮನೆ ಮಾಡಿದರು. “ನಾ ಗಿಡಕ್ಕ ಅಂದದ್ದವಾ,” ಎಂದು ಸುನಂದಾ ಫೋನಿನಲ್ಲಿ ಬೇಡಿಕೊಂಡಳು.

“ಕತ್ತಾಳಿಗೆ ಯಾರ್ರೀ ಕಳ್ಳಿ ಅಂತಾರ?”

ಅಕ್ಕಾ ಹೋಗಿ ‘ರೀ’ ಬಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಿಡವನ್ನು ಮರೆಯಲು ಕಲಿತ ಸುನಂದಾಳಿಗೆ ಅದನ್ನು ತಂದವಳನ್ನು ಮರೆಯಲು ಬರಲಿಲ್ಲ. ಶೇಂಗಾ ಸುಲಿಯುವಾಗಲೆಲ್ಲ ಕಟ್ಟೆಯ ಇನ್ನರ್ಧ ಖಾಲಿ ಬಿಟ್ಟೇ ಕೂರುತ್ತಿದ್ದಳು.

ಹೀಗೇ ಹಲವು ವರ್ಷ ಕಳೆದವು. ಈ ವರ್ಷ ಕತ್ತಾಳೆಯ ನಡುವಿನಿಂದ ಹೂವಿನ ದಿಂಡು ಎದ್ದು ಮಾಡಿಗಿಂತ ಎತ್ತರ ಹೋಯಿತು. ಸುನಂದಾ ಹಿಗ್ಗಿದಳು. ಗಂಡ ರುದ್ರೇಶ ಮಾತ್ರ ಮೇಲೆ ನೋಡಿ, “ಕತ್ತಾಳಿ ಒಮ್ಮೆ ಹೂ ಬಿಟ್ಟರ ಮುಗೀತು. ಇನ್ನ ಒಣಗತೈತಿ,” ಅಂದ. ಒಣಗುವ ಮೊದಲು ರಾಜಶ್ರೀ ಒಮ್ಮೆ ಬಂದು ನೋಡಬೇಕು ಎನಿಸಿತು ಸುನಂದಾಳಿಗೆ. ಮೊಬೈಲಿನಲ್ಲಿ ಫೋಟೋ ಕಳಿಸಿದಳು. ಉತ್ತರ ಬರಲಿಲ್ಲ. ದಾಂಡೇಲಿ ಬಸ್ಸಿನ ಸದ್ದಾದರೆ ಸಾಕು, ಒಲೆಯ ಮೇಲಿನದನ್ನು ಬಿಟ್ಟು ಹೊರಗೆ ಬರುತ್ತಿದ್ದಳು.

ಹೂ ಉದುರಿತು, ಎಲೆಗಳು ಬಾಡಿ ನೆಲಕ್ಕೆ ಒರಗಿದವು. ಆಮೇಲೆ ಒಂದು ಮಧ್ಯಾಹ್ನ ಗೇಟು ಕಿರ್ರೆಂದಿತು.

ಬಂದವಳು ರಾಜಶ್ರೀ. ನೆಟ್ಟಗೆ ಗಿಡದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಬುಡದಲ್ಲಿ ಮೂಡಿದ್ದ ಮರಿಗೆ ಕೈ ಹಾಕಿದಳು. ಮುಳ್ಳು ನೆಟ್ಟಿತು.

“ಥೂ, ಈ ಕಳ್ಳಿ...”

ಅಂದವಳ ಮಾತು ಅಲ್ಲೇ ನಿಂತಿತು. ಸುನಂದಾ ಬಂದು ಆ ಬೆರಳಿನ ರಕ್ತವನ್ನು ಸೆರಗಿನಿಂದ ಒರೆಸಿದಳು.

“ಅಕ್ಕಾ,” ಅಂದಳು ರಾಜಶ್ರೀ. ಸುನಂದಾ ಅತ್ತುಬಿಟ್ಟಳು.

ಸಂಜೆ ರಾಜಶ್ರೀ ಬಸ್ಸಿಗೆ ಹೊರಟಾಗ ಸುನಂದಾ ಮರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು.

“ಇದನ್ನ ಮರ್ತರ ನಡೀತೈತಿ. ನನ್ನ ಮರೀಬ್ಯಾಡ. ನಾ ಏನ ಕತ್ತಾಳಿ ಅಲ್ಲ.”