ನಿಧಾನಕ್ಕ ನೋಡುವುದು ಕೈಯನ್ನು

ನಮ್ಮ ಬ್ಯಾಲೆ ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ನಿಧಾನಕ್ಕ ಎಂದೇ. ಬೆಳಗ್ಗೆಯೆಲ್ಲ ದರ್ಜಿ ಅಂಗಡಿಯಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ, ನಾಲ್ಕಕ್ಕೆ ಇಲ್ಲಿಗೆ ಬರುತ್ತಾಳೆ. ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಕೂರಿಸಿದ ಮರದ ಕಂಬಿಯನ್ನು, ಅಂದರೆ ಬಾರ್ ಅನ್ನು, ಒಮ್ಮೆ ಒದ್ದೆ ಬಟ್ಟೆಯಲ್ಲಿ, ಒಮ್ಮೆ ಒಣ ಬಟ್ಟೆಯಲ್ಲಿ ಒರೆಸುತ್ತಾಳೆ. ಆಮೇಲೆ ಪಾಠಕ್ಕೆ ಮುಂಚೆ ಮಕ್ಕಳ ಮೈ ಸಡಿಲ ಮಾಡಿಸುವುದು ಆಕೆಯ ಕೆಲಸ. ಮಂಡಿ ಮಡಿಸು, ಹಿಮ್ಮಡಿ ಎತ್ತು, ಪಾದ ಚಾಚು, ಇಷ್ಟೇ. "ಸಂಜೆ ಬಾರ್‌ನಲ್ಲಿ ಕೆಲಸ" ಎಂದು ಒಮ್ಮೆ ಹೇಳಿದ್ದಕ್ಕೆ ದರ್ಜಿಯ ಹೆಂಡತಿ ಆರು ತಿಂಗಳು ಮಾತು ಬಿಟ್ಟಿದ್ದಳಂತೆ.

ಹದಿನಾಲ್ಕು ವರ್ಷದಿಂದ ಆ ಮೈ ಸಡಿಲಿಸುವ ಹೊತ್ತಿಗೆ ಪಿಯಾನೊ ನುಡಿಸುವವನು ನಾನು. ಆ ಕೋಣೆಯಲ್ಲಿ ಗಡಿಯಾರವಿಲ್ಲ. ನನ್ನ ಆರು ತುಣುಕು ಮುಗಿದರೆ ಒಳಗಿನ ಬಾಗಿಲು ತೆರೆಯುತ್ತದೆ, ಮಕ್ಕಳು ಪಾಠಕ್ಕೆ ಹೋಗುತ್ತಾರೆ. ಆಮೆಗೂ ಆಕಳಿಕೆ ಬರುವಷ್ಟು ನಿಧಾನವಾಗಿ ನುಡಿಸಬೇಕು. ನನಗೆ ಆಕೆಯ ಮೇಲೆ ಸಿಟ್ಟು ಬರುವ ದಿನಗಳೇ ಹೆಚ್ಚು. ಆದರೆ ಒಂದು ಮಾತು ಒಪ್ಪಲೇಬೇಕು. ಎಲ್ಲರೂ ಕಾಲು ನೋಡುತ್ತಾರೆ, ಆಕೆ ಕೈ ನೋಡುತ್ತಾಳೆ. ಬಾರ್ ಮೇಲೆ ಕೈ ಸುಮ್ಮನೆ ಕೂತಿರಬೇಕು. ಬಿಗಿಯಾಗಿ ಹಿಡಿದವರು ಎಲ್ಲೋ ನೋವು ಮುಚ್ಚಿಡುತ್ತಿದ್ದಾರೆಂದೇ ಅರ್ಥ. ಅಂಥವರನ್ನು ಆಕೆ ಒಳಗೆ ಬಿಡುವುದಿಲ್ಲ, ಆ ಮಾತನ್ನು ಹಿರಿಯ ಗುರುಗಳೂ ಮೀರುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆಕೆಯೂ ಹಾಗೆಯೇ ಬಾರ್ ಹಿಡಿದಿದ್ದಳು. ಯಾರೂ ನೋಡಲಿಲ್ಲ. ಒಳಗೆ ಹೋಗಿ ಹಾರಿದಳು, ಹಿಮ್ಮಡಿಯ ನರ ಹರಿಯಿತು. ಇಂದಿಗೂ ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಾಳೆ.

ಆ ದಿನ ಆಯ್ಕೆಯಿತ್ತು. ದೊಡ್ಡ ಬ್ಯಾಲೆ ತಂಡದವರು ಮಕ್ಕಳನ್ನು ಆರಿಸಿಕೊಳ್ಳಲು ಒಳಗೆ ಬಂದು ಕೂತಿದ್ದರು. ಅವರು ಬರುವುದು ಮೂರು ವರ್ಷಕ್ಕೊಮ್ಮೆ, ಹದಿನೇಳು ದಾಟಿದವರು ಅವರಿಗೆ ಬೇಡ. ನನ್ನ ಮಗಳಿಗೆ ಹದಿನಾರು. ಇವತ್ತು ತಪ್ಪಿದರೆ ಮತ್ತೆ ಇಲ್ಲ.

ಅವಳ ಹಿಮ್ಮಡಿ ಊದಿದ್ದನ್ನು ಬೆಳಗ್ಗೆಯೇ ಕಂಡಿದ್ದೆ. "ಅಪ್ಪ, ನೀನೇನೂ ನೋಡಿಲ್ಲ, ಆಯ್ತಾ?" ಎಂದಳು. ಆಯ್ತು ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣದ ಹಟವೂ ಮುದ್ದೇ.

ಹನ್ನೆರಡು ಮಕ್ಕಳು ಸಾಲಾಗಿ ನಿಂತರು. ಮಗಳು ಬೇಕೆಂದೇ ಕೊನೆಯಲ್ಲಿ ನಿಂತಳು. ಮೊದಲ ಸಲ ಮಂಡಿ ಮಡಿಸುವಾಗಲೇ ಅವಳ ಬೆರಳ ಗೆಣ್ಣುಗಳು ಬೆಳ್ಳಗಾದದ್ದು ನನಗೆ ಕಂಡಿತು. ನಿಧಾನಕ್ಕ ಆ ತುದಿಯಿಂದ ಶುರು ಮಾಡಿ, ಒಬ್ಬೊಬ್ಬರ ಬೆರಳು ಮುಟ್ಟಿ ನೋಡುತ್ತ ಬರುತ್ತಿದ್ದಳು. ನಾನು ಲೆಕ್ಕ ಹಾಕಿದೆ. ಆಕೆ ಹನ್ನೆರಡನೆಯವಳನ್ನು ಮುಟ್ಟುವಷ್ಟರಲ್ಲಿ ಆರನೆಯ ತುಣುಕು ಮುಗಿದಿರಬೇಕು. ನುಡಿಸುವ ವೇಗ ಹೆಚ್ಚಿಸಿದೆ.

"ಅಣ್ಣ, ರೈಲು ಹಿಡೀಬೇಕಾ?" ಎಂದಳು, ತಿರುಗದೆಯೇ. ಮಕ್ಕಳು ಕಿಸಕ್ಕೆಂದರು. ಮಗಳು ನಗಲಿಲ್ಲ.

ಸ್ವಲ್ಪ ಹೊತ್ತು ನಿಧಾನಿಸಿದೆ. ಆಕೆ ಏಳನೆಯವಳ ಬಳಿಯಿದ್ದಾಗ ಐದನೆಯ ತುಣುಕಿನ ಅರ್ಧವನ್ನೇ ಹಾರಿಸಿ ಮುಗಿಸಿದೆ. ಆಕೆ ಅಲ್ಲೇ ನಿಂತಳು. ಕುಂಟುತ್ತ ಪಿಯಾನೊ ಹತ್ತಿರ ಬಂದಳು.

"ಅರ್ಧ ನುಂಗಿದ್ರಲ್ಲ."

"ಹೊತ್ತಾಯ್ತು, ಒಳಗೆ ಕಾಯ್ತಿದಾರೆ."

ಆಕೆ ನನ್ನ ಮುಖ ನೋಡಲಿಲ್ಲ. ಪಿಯಾನೊ ಕೀಲಿಗಳ ಮೇಲಿದ್ದ ನನ್ನ ಬೆರಳುಗಳನ್ನು ನೋಡಿದಳು. "ನಿಮ್ಮ ಕೈ ಯಾಕಣ್ಣ ಇಷ್ಟು ಬಿಗಿಯಾಗಿದೆ?"

ಆಕೆ ತಲೆಯೆತ್ತಿ ಸಾಲಿನ ಕೊನೆಗೆ ನೋಡಿದಳು, ಮತ್ತೆ ನನ್ನತ್ತ ತಿರುಗಿದಳು. ಮಗಳನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು.

"ಯಾವ ಕಾಲು?"

ಕನ್ನಡಿಯಲ್ಲಿ ಮಗಳು ನನ್ನನ್ನೇ ನೋಡುತ್ತಿದ್ದಳು. ಬೇಡ ಅಪ್ಪ ಎಂಬಂತೆ ತಲೆಯಾಡಿಸಿದಳು. ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆಯಿಡುವ ನಿಧಾನಕ್ಕನ ಕಾಲು ಕಣ್ಣ ಮುಂದೆ ಬಂತು.

"ಎಡಗಾಲು" ಎಂದೆ.

"ಅಪ್ಪಾ!" ಎಂದು ಕಿರುಚಿದವಳು ಅಲ್ಲೇ ಕುಸಿದು ಕೂತಳು. ನಿಧಾನಕ್ಕ ಗೋಡೆ ಹಿಡಿದು ಕಷ್ಟಪಟ್ಟು ಅವಳ ಪಕ್ಕ ನೆಲಕ್ಕೆ ಕೂತಳು. ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಊದಿದ ಪಾದಕ್ಕೆ ಮೆಲ್ಲಗೆ ಏರಿಸಿದಳು. ಮಗಳು ಆಕೆಯ ಭುಜಕ್ಕೆ ಗುದ್ದುತ್ತ ಅಳುತ್ತಿದ್ದಳು. ಆಕೆ ಗುದ್ದಿಸಿಕೊಂಡಳು.

"ಆರನೇದು ಬಾಕಿ ಇದೆ, ಅಣ್ಣ" ಎಂದಳು ಅಲ್ಲಿಂದಲೇ.

ನುಡಿಸಿದೆ. ಹದಿನಾಲ್ಕು ವರ್ಷದಲ್ಲಿ ಅದನ್ನು ಅಷ್ಟು ನಿಧಾನವಾಗಿ ನಾನು ಎಂದೂ ನುಡಿಸಿರಲಿಲ್ಲ. ಅದು ಮುಗಿದರೆ ಬಾಗಿಲು ತೆರೆಯುತ್ತದೆ, ಹನ್ನೊಂದು ಮಕ್ಕಳು ಒಳಗೆ ಹೋಗುತ್ತಾರೆ.