ಪಿತೃಪಕ್ಷದ ಭಾನುವಾರ ಬೆಂಚಿನ ಮೇಲಿದ್ದ ಅಂಗಿ

ಸ್ವಾತಂತ್ರ್ಯ ದಿನ ಭಾನುವಾರ ಬಿದ್ದರೆ ನನಗೆ ಚಿಂತೆಯಿಲ್ಲ. ಚರ್ಚಿನ ಅಂಗಳದಲ್ಲಿ ಬಾವುಟ ಹಾರಿಸಿ, ಒಳಗೆ ದೇಶಕ್ಕಾಗಿ ಪ್ರಾರ್ಥಿಸಿ, ಎಂದಿನಂತೆ ಆರಾಧನೆ ನಡೆಸುತ್ತೇನೆ. ಹೊಳೆನರಸೀಪುರದಲ್ಲಿ ಸಭಾಪಾಲಕನಾಗಿ ನಾನು ತಡವರಿಸಿದ್ದು ಪಿತೃಪಕ್ಷದ ಅಮಾವಾಸ್ಯೆ ಭಾನುವಾರ ಬಂದ ವರ್ಷ.

ಗಂಡ ತೀರಿಕೊಂಡ ಮೇಲೆ ನಮ್ಮ ಸಭೆಗೆ ಸೇರಿದ್ದ ಹೆಂಗಸೊಬ್ಬರು ಹಿಂದಿನ ದಿನ ಮನೆಗೆ ಬಂದರು. ಕೈಯಲ್ಲಿ ಹೊಸ ಬಿಳಿ ಅಂಗಿ. ಗುಂಡುಸೂಜಿ ಕೂಡ ತೆಗೆದಿರಲಿಲ್ಲ.

"ಮನೇಲಿ ಎಡೆ ಇಡಾಕಿಲ್ಲ ಸಾ, ನೀವೇಳ್ದಂಗೇ ಬುಟ್ಟಿವ್ನಿ. ಇದೊಂದ್ನ ಚರ್ಚಲ್ಲಿ ಪಕ್ಕದಾಗೆ ಮಡಿಕ್ಕಂಡು ಕುಂತ್ಕತೀನಿ. ಬ್ಯಾಡ ಅನ್ಬ್ಯಾಡಿ."

ಸತ್ತವರಿಗೆ ಬಟ್ಟೆ ಇಡುವುದು ನಮ್ಮ ಪದ್ಧತಿಯಲ್ಲ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಆರಾಧನೆ ಮುಗಿದ ಮೇಲೆ ಇಲ್ಲದವರಿಗೆ ಕೊಟ್ಟುಬಿಡಿ ಎಂದು ಒಪ್ಪಿಕೊಂಡೆ.

ಮರುದಿನ ಅವರು ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತರು. ಮೊದಲ ಹಾಡಿಗೆ ಎಲ್ಲರೂ ಎದ್ದರು. ಎದ್ದು ನಿಂತ ಮೇಲೆ ಆ ಬೆಂಚು ಇನ್ನೊಮ್ಮೆ ಕಿರುಗುಟ್ಟಿತು, ಯಾರೋ ತಡವಾಗಿ ಎದ್ದ ಹಾಗೆ. ಕೂರುವಾಗಲೂ ಅಷ್ಟೇ. ಸಭೆಯ ಹಿರಿಯರೊಬ್ಬರು ಹಿಂತಿರುಗಿ ನೋಡಿದರು. ಆಮೇಲೆ ಆರಾಧನೆ ಮುಗಿಯುವ ತನಕ ತಲೆ ಎತ್ತಲಿಲ್ಲ.

ನಾನು ಕಣ್ಣು ಮುಚ್ಚಿ, ನಮಗಿಂತ ಮುಂಚೆ ಬಾಳಿದವರಿಗಾಗಿ ದೇವರಿಗೆ ಸ್ತೋತ್ರ ಹೇಳಿದೆ. ಕಣ್ಣು ತೆರೆದಾಗ ಅಂಗಿಯ ಮಡಿಕೆ ಬಿಚ್ಚಿತ್ತು. ಬಲ ತೋಳು ಮೊಣಕೈವರೆಗೆ ಎರಡು ಸುತ್ತು ಮಡಿಸಿತ್ತು. ಆ ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಎಲ್ಲರೂ ಹೋದ ಮೇಲೆ ಹತ್ತಿರ ಹೋದೆ. ಗುಂಡುಸೂಜಿಗಳು ಬೆಂಚಿನ ಮೇಲೆ ಸಾಲಾಗಿದ್ದವು.

"ನೀವು ಬಿಚ್ಚಿದ್ರಾ, ಅಮ್ಮಾ?"

"ಇಲ್ಲ ಸಾ. ಅವ್ರು ಅಂಗೇ, ಬಲಗೈದು ಮಾತ್ರ ಮಡಿಸ್ಕತಿದ್ರು. ಎಡಗೈಲಿ ಸುಟ್ಟ ಗಾಯ ಇತ್ತಲ್ಲ, ಕಾಣಬಾರ್ದು ಅಂತ."

ಆ ಗಾಯದ ವಿಷಯ ನನಗೆ ಗೊತ್ತಿರಲಿಲ್ಲ. ಆ ಹೆಂಗಸು ಹೆದರಿರಲಿಲ್ಲ. ಅಂಗಿಯನ್ನು ಯಾರಿಗೂ ಕೊಡದೆ ಎದೆಗವಚಿಕೊಂಡು ಮನೆಗೆ ಹೋದರು.

ಇದು ಮತ್ತೆ ಆಗಕೂಡದು ಎಂದು ಹಿರಿಯರು ಪಟ್ಟು ಹಿಡಿದರು. ಕೊನೆಗೆ ಹೀಗೆ ತೀರ್ಮಾನವಾಯಿತು: ಪ್ರತಿ ವರ್ಷ ಆ ಅಮಾವಾಸ್ಯೆಗೆ ಹತ್ತಿರದ ಭಾನುವಾರ ತೀರಿಹೋದವರನ್ನು ನೆನೆದು ಕೃತಜ್ಞತೆಯ ಪ್ರಾರ್ಥನೆ. ಬಟ್ಟೆ ತರುವಂತಿಲ್ಲ, ಎಡೆಯೂ ಇಲ್ಲ. ಜನಕ್ಕೆ ಅದು ಹಿಡಿಸಿದೆ. ಅರಕಲಗೂಡಿನಿಂದಲೂ ಬರುತ್ತಾರೆ, ಮನಸಾರೆ ಅಳುತ್ತಾರೆ.

ಅವತ್ತು ಪ್ರಾರ್ಥನೆ ನಡೆಸುವಾಗ ನಾನು ಮಾತ್ರ ಕಣ್ಣು ಮುಚ್ಚುವುದಿಲ್ಲ.